ಹೂಮಳೆ ಬಾರದೆ ಅರಳುವ ಮೊಗ್ಗು: ಜೀವಕೋಶಕ್ಕೆ ‘ಬೆಳೆ’ ಎನ್ನುವ ಕರೆ ಮತ್ತು ಕ್ಯಾನ್ಸರ್

ಬಾಳೆಹೊನ್ನೂರಿನ ಹತ್ತಿರ ನಮ್ಮ ಚಿಕ್ಕಪ್ಪನಿಗೆ ನಾಲ್ಕು ಎಕರೆ ಕಾಫಿ ತೋಟ ಇದೆ. ಹೋದ ವರ್ಷ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಒಂದು ದಪ್ಪ ಫೈಲ್ ಕೈಗಿಟ್ಟರು. ಅದರಲ್ಲಿ ಏನಿದೆ ಎಂದು ಕೂತು ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ನಾನು ಚಿಕ್ಕಮಗಳೂರಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಫೈಲ್ ನನ್ನ ಹತ್ತಿರ ಬಂತು.

“ಇಲ್ಲಿ ನೋಡು ಮಗಾ, ಹರ್-2, ತ್ರೀ ಪ್ಲಸ್ ಅಂತ ಬರೆದಿದ್ದಾರೆ. ಅದಕ್ಕೇ ಒಂದು ವರ್ಷ ಇಂಜೆಕ್ಷನ್ ಬೇಕಂತೆ. ಏನದು?” ಎಂದು ಚಿಕ್ಕಪ್ಪ ಕೇಳಿದರು. ಚಿಕ್ಕಮ್ಮ ಕೇಳಿದ್ದೇ ಬೇರೆ. “ನಾನು ಏನು ತಪ್ಪು ಮಾಡಿದೆ?”

ಆ ದಿನ ಜಗಲಿಯಲ್ಲಿ ಕೂತು ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನೂ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇಂಥ ಫೈಲ್ ಹಿಡಿದುಕೊಂಡು ಊರಿಗೆ ವಾಪಸ್ ಬರುವ ಮನೆಗಳು ನಮ್ಮ ಕಡೆ ಜಾಸ್ತಿ ಇವೆ.

ಕಾಫಿ ಬೆಳೆಯುವವರಿಗೆ ಈ ವಿಷಯದ ಅರ್ಧ ಮೊದಲೇ ಗೊತ್ತಿರುತ್ತದೆ. ಚಳಿಗಾಲದಲ್ಲಿ ಗಿಡದ ರೆಕ್ಕೆಗಳ, ಅಂದರೆ ಅಡ್ಡ ಕೊಂಬೆಗಳ ಗೆಣ್ಣಿನಲ್ಲಿ ಮೊಗ್ಗು ಕೂರುತ್ತದೆ. ಕೂತು ಸುಮ್ನೆ ಇರುತ್ತದೆ. ಬಿಸಿಲು ಏರಿದರೂ ಅರಳುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದಿಂಚು ಹೂಮಳೆ ಬಿದ್ದರೆ ಸಾಕು, ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಅರಳುವ ಶಕ್ತಿ ಮೊಗ್ಗಿನಲ್ಲೇ ಇದೆ. ಆದರೆ ‘ಈಗ ಅರಳು’ ಎಂಬ ಕರೆ ಹೊರಗಿಂದ ಬರಬೇಕು.

ನಮ್ಮ ಮೈಯ ಜೀವಕೋಶಗಳೂ ಹೀಗೇ. ಒಂದು ಕೋಶಕ್ಕೆ ಎರಡಾಗುವ ಶಕ್ತಿ ಇದೆ. ಆದರೆ ತನ್ನಷ್ಟಕ್ಕೆ ತಾನು ಎರಡಾಗುವಂತಿಲ್ಲ. ಅಕ್ಕಪಕ್ಕದ ಕೋಶಗಳಿಂದಲೋ ರಕ್ತದಿಂದಲೋ ಒಂದು ಸಣ್ಣ ಪ್ರೋಟೀನ್ ಬಂದು ‘ಬೆಳೆ’ ಎಂದು ಹೇಳಬೇಕು. ಈ ಪ್ರೋಟೀನ್‌ಗಳಿಗೆ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ಕನ್ನಡದಲ್ಲಿ ಬೆಳವಣಿಗೆಯ ಅಂಶ ಎನ್ನಬಹುದು.

ಮರಗಸಿ ಮಾಡುವಾಗ, ಅಂದರೆ ನೆರಳುಮರದ ಕೊಂಬೆ ಕಡಿಯುವಾಗ, ಬೆರಳಿಗೆ ಕತ್ತಿ ತಾಗಿತು ಅಂದುಕೊಳ್ಳಿ. ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ರಕ್ತದ ಪ್ಲೇಟ್‌ಲೆಟ್‌ಗಳು ಒಂದು ಗ್ರೋತ್ ಫ್ಯಾಕ್ಟರ್ ಚೆಲ್ಲುತ್ತವೆ. ಗಾಯದ ಅಂಚಿನ ಕೋಶಗಳು ಅದನ್ನು ಹಿಡಿದು ಎರಡಾಗುತ್ತವೆ, ಎರಡು ನಾಲ್ಕಾಗುತ್ತವೆ. ಗಾಯ ಮುಚ್ಚಿತು ಅಂದರೆ ಕರೆ ನಿಂತಿತು. ಕೋಶಗಳು ಮತ್ತೆ ಸುಮ್ಮನಾಗುತ್ತವೆ. ಬೆರಳು ಮೊದಲಿದ್ದಷ್ಟೇ ದಪ್ಪಕ್ಕೆ ಬಂದು ನಿಲ್ಲುತ್ತದೆ. ಇದನ್ನು ದಿನಾ ನೋಡುತ್ತೇವೆ, ಹಾಗಾಗಿ ದೊಡ್ಡ ವಿಷಯ ಅನ್ನಿಸುವುದಿಲ್ಲ. ನನಗೆ ಮಾತ್ರ ಪಾಠ ಮಾಡುವಾಗಲೆಲ್ಲ ಈ ‘ನಿಲ್ಲುವುದು’ ಬೆಳೆಯುವುದಕ್ಕಿಂತ ದೊಡ್ಡ ಅಚ್ಚರಿ ಅನ್ನಿಸುತ್ತದೆ.

ಈ ಕರೆ ಪತ್ತೆಯಾದ ಕಥೆ ಚೆನ್ನಾಗಿದೆ. ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಯಹೂದಿ ಹೆಣ್ಣುಮಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಕಾನೂನು ಆಕೆಯನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತ್ತು. ಆಕೆ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡು ಕೋಳಿಮೊಟ್ಟೆಯ ಭ್ರೂಣದಲ್ಲಿ ನರ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಿದ್ದರು. ಮುಂದೆ ಅಮೆರಿಕಕ್ಕೆ ಹೋಗಿ ನರ ಬೆಳೆಸುವ ಅಂಶವನ್ನು ಕಂಡುಹಿಡಿದರು. ಅಲ್ಲಿ ಅವರ ಜೊತೆಗಿದ್ದವರು ಸ್ಟ್ಯಾನ್ಲಿ ಕೋಹೆನ್. ಇಲಿಯ ಜೊಲ್ಲುಗ್ರಂಥಿಯ ರಸವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಕೋಹೆನ್ ಒಂದು ವಿಚಿತ್ರ ಕಂಡರು. ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದೇ ವಾರಕ್ಕೆ ಕಣ್ಣು ಬಿಟ್ಟವು. ಹಲ್ಲೂ ಬೇಗ ಬಂತು. ಬೇರೆ ಯಾರಾದರೂ ಆಗಿದ್ದರೆ ‘ಏನೋ ಎಡವಟ್ಟು’ ಎಂದು ಬಿಟ್ಟುಬಿಡುತ್ತಿದ್ದರೋ ಏನೋ. ಅವರು ಬಿಡಲಿಲ್ಲ. ಚರ್ಮದ ಕೋಶಗಳನ್ನು ಬೆಳೆಸುವ ಆ ಪ್ರೋಟೀನನ್ನು ಬೇರ್ಪಡಿಸಿ 1962ರಲ್ಲಿ ಪ್ರಕಟಿಸಿದರು. ಅದಕ್ಕೆ ಇಜಿಎಫ್ ಎಂದು ಹೆಸರಾಯಿತು. ಬರೀ 53 ಅಮೈನೋ ಆಮ್ಲಗಳ ಪುಟ್ಟ ಸರ. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹೊರಗೆ ಬಂದ ಕರೆ ಒಳಗೆ ಹೇಗೆ ಮುಟ್ಟುತ್ತದೆ? ಕೋಶದ ಪೊರೆಯ ಮೇಲೆ ಕರೆ ಹಿಡಿಯುವ ಪ್ರೋಟೀನ್‌ಗಳು, ಅಂದರೆ ರಿಸೆಪ್ಟರ್‌ಗಳು ಇರುತ್ತವೆ. ಅರ್ಧ ಹೊರಗೆ, ಅರ್ಧ ಒಳಗೆ. ಇಜಿಎಫ್ ಬಂದು ಹೊರಗಿನ ಭಾಗಕ್ಕೆ ಕೂತರೆ ಎರಡು ರಿಸೆಪ್ಟರ್‌ಗಳು ಹತ್ತಿರ ಬಂದು ಜೋಡಿಯಾಗುತ್ತವೆ. ಆಗ ಒಳಗಿನ ಬಾಲಗಳು ಒಂದಕ್ಕೊಂದು ಫಾಸ್ಫೇಟ್ ಎಂಬ ಗುರುತು ಅಂಟಿಸುತ್ತವೆ. ಆ ಗುರುತು ಕಂಡು ಒಳಗಿನ ಬೇರೆ ಪ್ರೋಟೀನ್‌ಗಳು ಬಂದು ಸೇರುತ್ತವೆ. ಅಲ್ಲಿಂದ ಮುಂದೆ ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ರಾಸ್ ಎಂಬ ಪ್ರೋಟೀನ್ ಆನ್ ಆಗುತ್ತದೆ. ಅದು ರಾಫ್ ಎಂಬುದನ್ನು ಎಬ್ಬಿಸುತ್ತದೆ, ರಾಫ್ ಮೆಕ್ ಎಂಬುದನ್ನು, ಮೆಕ್ ಎರ್ಕ್ ಎಂಬುದನ್ನು. ಎರ್ಕ್ ಕೋಶದ ನಡುವಿನ ಕೇಂದ್ರಕ್ಕೆ ಹೋಗಿ ಎರಡಾಗಲು ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಪಕ್ಕದಲ್ಲೇ ಇನ್ನೊಂದು ದಾರಿಯೂ ಹೊರಡುತ್ತದೆ. ಅದರ ಮುಖ್ಯ ಪ್ರೋಟೀನ್ ಎಕೆಟಿ. ಅದು ಕೋಶಕ್ಕೆ ‘ಊಟ ತಗೋ, ದಪ್ಪ ಆಗು, ಸಾಯಬೇಡ’ ಎಂದು ಹೇಳುತ್ತದೆ. ಹೆಸರುಗಳು ನೆನಪಿರದಿದ್ದರೂ ಪರವಾಗಿಲ್ಲ. ಸುದ್ದಿಗೆ ಒಂದು ಸಾಲು ಇದೆ, ಸಾಲಿನಲ್ಲಿ ಹಲವು ಕೈಗಳಿವೆ, ಇದಿಷ್ಟು ನೆನಪಿದ್ದರೆ ಸಾಕು.

ಪ್ರತಿಯೊಂದು ಕೈಗೂ ಆಫ್ ಮಾಡುವ ವ್ಯವಸ್ಥೆ ಇದೆ. ರಿಸೆಪ್ಟರ್ ಕೆಲಸ ಮುಗಿದ ಮೇಲೆ ಕೋಶ ಅದನ್ನು ಒಳಗೆ ನುಂಗಿ ಒಡೆದುಹಾಕುತ್ತದೆ. ಎಕೆಟಿಯ ದಾರಿಯನ್ನು ಪಿಟೆನ್ ಎಂಬ ಪ್ರೋಟೀನ್ ಮುಚ್ಚುತ್ತದೆ. ರಾಸ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅದಕ್ಕೆ ಜಿಟಿಪಿ ಎಂಬ ಸಣ್ಣ ಅಣು ಅಂಟಿದ್ದರೆ ಆನ್. ಸ್ವಲ್ಪ ಹೊತ್ತಿಗೆ ರಾಸ್ ಆ ಅಣುವಿನ ತುದಿ ಕತ್ತರಿಸುತ್ತದೆ, ಆಫ್ ಆಗುತ್ತದೆ.

ಈಗ ಚಿಕ್ಕಪ್ಪನ ಪಂಪ್‌ಸೆಟ್ ಕಡೆ ಬರೋಣ. ಹಸಿರು ಬಟನ್ ಒತ್ತಿದರೆ ಮೋಟರ್ ಶುರು, ಕೆಂಪು ಒತ್ತಿದರೆ ಬಂದ್. ಒಮ್ಮೊಮ್ಮೆ ಸ್ಟಾರ್ಟರ್ ಒಳಗಿನ ಪಾಯಿಂಟ್ ಸುಟ್ಟು ಅಂಟಿಕೊಂಡುಬಿಡುತ್ತದೆ. ಆಗ ಕೆಂಪು ಬಟನ್ ಎಷ್ಟು ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ರಾಸ್‌ಗೆ ಆಗುವುದು ಇದೇ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶ ಒಂದರ ರಾಸ್ ಜೀನನ್ನು ಓದಿ ನೋಡಿದಾಗ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಪ್ರೋಟೀನಿನ 12ನೇ ಜಾಗದಲ್ಲಿ ಒಂದು ಅಮೈನೋ ಆಮ್ಲದ ಬದಲು ಇನ್ನೊಂದು ಬಂದು ಕೂತಿತ್ತು. ಅಷ್ಟಕ್ಕೇ ರಾಸ್‌ಗೆ ಜಿಟಿಪಿಯನ್ನು ಕತ್ತರಿಸಲು ಆಗುತ್ತಿರಲಿಲ್ಲ. ಸ್ಟಾರ್ಟರ್ ಅಂಟಿಕೊಂಡಿತ್ತು. ಎಲ್ಲ ಕ್ಯಾನ್ಸರ್ ಸೇರಿಸಿ ನೋಡಿದರೆ ಸುಮಾರು ಐದರಲ್ಲಿ ಒಂದರಲ್ಲಿ ರಾಸ್ ಕುಟುಂಬದ ಯಾವುದೋ ಒಂದು ಜೀನ್ ಹೀಗೆ ಕೆಟ್ಟಿರುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಂತೂ ಹತ್ತರಲ್ಲಿ ಒಂಬತ್ತರಲ್ಲಿ. ಬೀಡಿ, ಸಿಗರೇಟಿನ ಹೊಗೆ ಡಿಎನ್‌ಎಯಲ್ಲಿ ಮಾಡುವ ಅಕ್ಷರ ತಪ್ಪುಗಳಲ್ಲಿ ರಾಸ್‌ನ ಈ 12ನೇ ಜಾಗದ್ದೂ ಒಂದು.

ಸಾಲಿನ ಬೇರೆ ಕೈಗಳೂ ಕೆಡಬಹುದು. ಇದು ಗೊತ್ತಾಗಿದ್ದು ಕೋಳಿಗಳಿಂದ. 1911ರಲ್ಲಿ ಅಮೆರಿಕದ ಪೇಟನ್ ರೌಸ್ ಕೋಳಿಯ ಗಡ್ಡೆಯೊಂದು ವೈರಸ್‌ನಿಂದ ಹರಡುತ್ತದೆ ಎಂದು ತೋರಿಸಿದರು. ತುಂಬಾ ಕಾಲ ಜನ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನೊಬೆಲ್ ಬಂದಿದ್ದು 1966ರಲ್ಲಿ, 55 ವರ್ಷ ಬಿಟ್ಟು. 1976ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬಿಷಪ್ ಮತ್ತು ವಾರ್ಮಸ್ ಇನ್ನೂ ದೊಡ್ಡ ವಿಷಯ ಹೊರಗೆ ತಂದರು. ಆ ವೈರಸ್ ಹೊತ್ತಿದ್ದ ಕ್ಯಾನ್ಸರ್ ಜೀನ್ ವೈರಸ್‌ನದ್ದಲ್ಲ. ಕೋಳಿಯ ಸ್ವಂತ ಜೀನ್. ವೈರಸ್ ಅದನ್ನು ಯಾವಾಗಲೋ ಕದ್ದುಕೊಂಡು ಹೋಗಿತ್ತು, ಅಷ್ಟೇ. ಆಮೇಲೆ ಒಂದೊಂದೇ ವೈರಸ್ ಬಿಚ್ಚಿಕೊಂಡಿತು. 1983ರಲ್ಲಿ ಮಂಗದ ಒಂದು ವೈರಸ್ ಹೊತ್ತಿದ್ದ ಜೀನ್ ಗಾಯ ಮಾಗಿಸುವ ಪ್ಲೇಟ್‌ಲೆಟ್ ಅಂಶದ್ದೇ ಎಂದು ತಿಳಿಯಿತು. ಅಂದರೆ ಆ ಕೋಶ ತನಗೆ ಬೇಕಾದ ಮಳೆಯನ್ನು ತಾನೇ ಸುರಿಸಿಕೊಳ್ಳುತ್ತಿತ್ತು. 1984ರಲ್ಲಿ ಕೋಳಿಯ ಇನ್ನೊಂದು ವೈರಸ್‌ನಲ್ಲಿ ಇಜಿಎಫ್ ರಿಸೆಪ್ಟರ್ ಸಿಕ್ಕಿತು. ಹೊರಗಿನ ಭಾಗ ಹೆಚ್ಚುಕಮ್ಮಿ ಪೂರಾ ಕತ್ತರಿಸಿ ಹೋಗಿತ್ತು. ಮಳೆ ಬಂತೋ ಇಲ್ಲವೋ ಎಂದು ನೋಡುವ ಭಾಗವೇ ಇಲ್ಲ. ಹಾಗಾಗಿ ಸದಾ ಆನ್.

ಈ ಮಾತನ್ನು ಚಿಕ್ಕಮ್ಮನಿಗೆ ಎರಡು ಸಲ ಹೇಳಿದೆ. ಕ್ಯಾನ್ಸರ್ ಅಂದರೆ ಹೊರಗಿಂದ ಬಂದು ಸೇರಿಕೊಂಡ ಪಿಶಾಚಿ ಅಲ್ಲ. ಹೊಟ್ಟೆಯಲ್ಲಿ ಮಗುವನ್ನು ಬೆಳೆಸಿದ, ಸುಟ್ಟ ಕೈಯನ್ನು ಮಾಗಿಸಿದ ಅದೇ ಕರೆ, ನಿಲ್ಲುವುದನ್ನು ಮರೆತಿದೆ.

ಹಾಗಂತ ಕರೆ ಒಂದು ಕೆಟ್ಟ ತಕ್ಷಣ ಕ್ಯಾನ್ಸರ್ ಆಗಿಬಿಡುವುದಿಲ್ಲ. ನಿಮ್ಮ ಮೈಮೇಲಿನ ಮಚ್ಚೆ ನೋಡಿಕೊಳ್ಳಿ. ಸಾಮಾನ್ಯ ಮಚ್ಚೆಗಳಲ್ಲಿ ತುಂಬಾ ಕಡೆ ರಾಫ್ ಕುಟುಂಬದ ಬಿ-ರಾಫ್ ಜೀನ್‌ನಲ್ಲಿ ಒಂದು ಬದಲಾವಣೆ ಇರುತ್ತದೆ. ಮೆಲನೋಮಾ ಎಂಬ ಕೆಟ್ಟ ಚರ್ಮದ ಕ್ಯಾನ್ಸರ್‌ನಲ್ಲಿ ಕಾಣುವುದೂ ಅದೇ ಬದಲಾವಣೆ. ಮಚ್ಚೆಯಲ್ಲೂ ಕರೆ ಆನ್ ಆಗೇ ಇದೆ. ಕೋಶಗಳು ಸ್ವಲ್ಪ ಬೆಳೆದವು. ಆಮೇಲೆ ಒಳಗಿನ ಕಾವಲು ಪ್ರೋಟೀನ್‌ಗಳು ‘ಇದೇನೋ ಅತಿಯಾಯಿತು’ ಎಂದು ಗುರುತಿಸಿ ತಡೆದು ನಿಲ್ಲಿಸಿದವು. ಮಚ್ಚೆ ನಲವತ್ತು ವರ್ಷ ಅಲ್ಲೇ ಅಷ್ಟೇ ಇರುತ್ತದೆ. ಆ ಕಾವಲೂ ಮುರಿಯಬೇಕು, ಇನ್ನೂ ಕೆಲವು ತಪ್ಪುಗಳು ಸೇರಬೇಕು, ಆಗ ಗಡ್ಡೆ. ಕ್ಯಾನ್ಸರ್ ವಯಸ್ಸಾದಂತೆ ಜಾಸ್ತಿಯಾಗಲು ಇದೂ ಒಂದು ಕಾರಣ. ತಪ್ಪುಗಳು ಒಂದೇ ಕೋಶದ ಸಂತಾನದಲ್ಲಿ ಕೂಡಿಬರಲು ವರ್ಷಗಟ್ಟಲೆ ಹಿಡಿಯುತ್ತದೆ.

ಗಡ್ಡೆ ಒಂದೆರಡು ಮಿಲಿಮೀಟರ್ ದಾಟಬೇಕಾದರೆ ಅದಕ್ಕೆ ರಕ್ತ ಬೇಕು. ಆಗ ಅದು ವೆಜ್‌ಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಚೆಲ್ಲಿ ಪಕ್ಕದ ರಕ್ತನಾಳದಿಂದ ತನ್ನ ಕಡೆಗೆ ಲೈನ್ ಎಳೆಸಿಕೊಳ್ಳುತ್ತದೆ. ಗಡ್ಡೆ ಹೀಗೆ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ, ಅದನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು 1971ರಲ್ಲಿ ಜೂಡಾ ಫೋಕ್‌ಮನ್ ಎಂಬ ಸರ್ಜನ್ ವಾದ ಮಾಡಿದ್ದರು. ಅದನ್ನು ತಡೆಯುವ ಔಷಧಿ ಬೆವಾಸಿಜುಮ್ಯಾಬ್ ಬಂದಿದ್ದು 2004ರಲ್ಲಿ.

ಇನ್ನು ಚಿಕ್ಕಪ್ಪನ ‘ತ್ರೀ ಪ್ಲಸ್’. ಇಜಿಎಫ್ ರಿಸೆಪ್ಟರ್‌ಗೆ ಮೂವರು ಒಡಹುಟ್ಟಿದವರಿದ್ದಾರೆ. ಕುಟುಂಬದ ನಾಲ್ವರಲ್ಲಿ ಎರಡನೆಯದು ಹರ್-2. ಅದರ ಸ್ವಭಾವ ಬೇರೆ. ಅದಕ್ಕೆ ಅಂತಲೇ ಬಂದು ಕೂರುವ ಗ್ರೋತ್ ಫ್ಯಾಕ್ಟರ್ ಯಾವುದೂ ಇಲ್ಲ. ಯಾವಾಗಲೂ ಕೈ ಚಾಚಿಕೊಂಡೇ ಇರುತ್ತದೆ, ಕರೆ ಹಿಡಿದ ಬೇರೆ ರಿಸೆಪ್ಟರ್ ಸಿಕ್ಕರೆ ಅದರ ಜೊತೆ ಜೋಡಿಯಾಗಿ ಕೆಲಸ ಮಾಡುತ್ತದೆ. ಎಣಿಕೆ ಮಿತವಾಗಿದ್ದರೆ ತೊಂದರೆ ಇಲ್ಲ. ಆರೋಗ್ಯವಂತ ಕೋಶದಲ್ಲಿ ಈ ಜೀನ್‌ನ ಎರಡು ಪ್ರತಿ ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಡಿಎನ್‌ಎ ನಕಲು ಆಗುವಾಗ ಎಡವಟ್ಟಾಗಿ ಇದೇ ಜೀನ್‌ನ ಪ್ರತಿಗಳು ಹತ್ತು, ಇಪ್ಪತ್ತು ಆಗಿಬಿಡುತ್ತವೆ. ಪೊರೆಯ ತುಂಬಾ ಹರ್-2 ಕಿಕ್ಕಿರಿಯುತ್ತದೆ. ಜಾತ್ರೆಯಲ್ಲಿ ಭುಜಕ್ಕೆ ಭುಜ ತಾಗುವ ಹಾಗೆ ಅವು ತಮ್ಮತಮ್ಮಲ್ಲೇ ಜೋಡಿಯಾಗುತ್ತವೆ. ಹೊರಗಿಂದ ಕರೆ ಬರಬೇಕಾಗಿಯೇ ಇಲ್ಲ.

ಗಡ್ಡೆಯ ತೆಳು ಚೂರಿಗೆ ಹರ್-2 ಹಿಡಿಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೋಶಗಳ ಸುತ್ತ ದಟ್ಟ ಕಂದು ಉಂಗುರ ಪೂರ್ತಿ ಕಂಡರೆ ಅದೇ ತ್ರೀ ಪ್ಲಸ್. ಏನೂ ಇಲ್ಲದಿದ್ದರೆ ಸೊನ್ನೆ. ಟೂ ಪ್ಲಸ್ ಬಂದರೆ ಅನುಮಾನ. ಆಗ ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿ ಜೀನ್‌ನ ಪ್ರತಿಗಳನ್ನೇ ಎಣಿಸುತ್ತಾರೆ. ನಿಮ್ಮ ಮನೆಯ ಫೈಲಿನಲ್ಲಿ ಟೂ ಪ್ಲಸ್ ಇದ್ದು ಮುಂದೆ ಫಿಶ್ ಫಲಿತಾಂಶ ಇಲ್ಲದಿದ್ದರೆ ದಯವಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು. ಔಷಧಿ ಬೇಕೋ ಬೇಡವೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

1987ರಲ್ಲಿ ಅಮೆರಿಕದ ವೈದ್ಯ ಡೆನಿಸ್ ಸ್ಲೇಮನ್ ತಂಡ 189 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ ಒಂದು ವಿಷಯ ಹೇಳಿತು. ಹರ್-2 ಜೀನ್‌ನ ಪ್ರತಿ ಜಾಸ್ತಿ ಇದ್ದವರಿಗೆ ಕಾಯಿಲೆ ಬೇಗ ಮರುಕಳಿಸುತ್ತಿತ್ತು, ಅವರು ಬದುಕುವ ಅವಧಿಯೂ ಕಡಿಮೆ. ಇಂದಿನ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ 15ರಿಂದ 20 ಮಂದಿ ಈ ಗುಂಪಿನವರು. ಆಗ ಇದು ಕೆಟ್ಟ ಸುದ್ದಿ. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಮಾತು ತಿರುಗಿತು. ಚಿಕ್ಕಮ್ಮನಿಗೆ ಕೊಡುವ ಇಂಜೆಕ್ಷನ್ ಇದೇ. ಅದೊಂದು ಆಂಟಿಬಾಡಿ, ಅಂದರೆ ಒಂದು ಗುರಿಯನ್ನು ಹುಡುಕಿ ಅಂಟುವ ಪ್ರೋಟೀನ್. ಹರ್-2ನ ಹೊರಭಾಗಕ್ಕೆ ಹೋಗಿ ಕೂರುತ್ತದೆ, ಕರೆಯನ್ನು ತಗ್ಗಿಸುತ್ತದೆ, ಜೊತೆಗೆ ‘ಇವನನ್ನು ಹಿಡಿಯಿರಿ’ ಎಂದು ರೋಗನಿರೋಧಕ ಕೋಶಗಳಿಗೆ ಗುರುತು ತೋರಿಸುತ್ತದೆ. ಮೊದಲು ಅದರ ಬೆಲೆ ನಮ್ಮಂಥವರು ಕೇಳುವ ಹಾಗಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದಕ್ಕೆ ಸಮನಾದ ಔಷಧಿಯನ್ನು ಇಲ್ಲೇ ಮಾರುಕಟ್ಟೆಗೆ ತಂದಿತು. ಈಗ ಬೇರೆ ಕಂಪನಿಗಳದ್ದೂ ಇವೆ.

ಇಲ್ಲೊಂದು ವಿಷಯ ಚಿಕ್ಕಪ್ಪನಿಗೆ ತಕ್ಷಣ ಹೊಳೆಯಿತು. “ಹಾಗಾದರೆ ಎಲ್ಲ ಕ್ಯಾನ್ಸರ್‌ಗೂ ಈ ಇಂಜೆಕ್ಷನ್ ಆಗಲ್ಲ ಅಲ್ವಾ?” ಆಗುವುದಿಲ್ಲ. ಎಲ್ಲಿ ಕೆಟ್ಟಿದೆಯೋ ಅಲ್ಲಿಗೇ ಔಷಧಿ. ದೊಡ್ಡಕರುಳಿನ ಕ್ಯಾನ್ಸರ್‌ಗೆ ಇಜಿಎಫ್ ರಿಸೆಪ್ಟರ್ ತಡೆಯುವ ಆಂಟಿಬಾಡಿ ಕೊಡುತ್ತಾರೆ. ಆದರೆ ಅದಕ್ಕೆ ಮುಂಚೆ ರಾಸ್ ಜೀನ್ ಪರೀಕ್ಷೆ ಮಾಡುತ್ತಾರೆ. ಒಳಗೆ ಸ್ಟಾರ್ಟರೇ ಅಂಟಿಕೊಂಡಿದ್ದರೆ ಹೊರಗೆ ಬಟನ್ ಮುಚ್ಚಿ ಏನು ಪ್ರಯೋಜನ? ಶ್ವಾಸಕೋಶದ ಕ್ಯಾನ್ಸರ್‌ನಲ್ಲೂ ಹೀಗೇ. ಇಜಿಎಫ್ ರಿಸೆಪ್ಟರ್ ತಡೆಯುವ ಜೆಫಿಟಿನಿಬ್ ಎಂಬ ಮಾತ್ರೆ ಕೆಲವರಿಗೆ ಪವಾಡದ ಹಾಗೆ ಕೆಲಸ ಮಾಡುತ್ತಿತ್ತು, ಉಳಿದವರಿಗೆ ಏನೂ ಇಲ್ಲ. 2004ರಲ್ಲಿ ಕಾರಣ ಸಿಕ್ಕಿತು. ಗುಣ ಕಂಡವರ ಗಡ್ಡೆಯಲ್ಲಿ ಇಜಿಎಫ್ ರಿಸೆಪ್ಟರ್ ಜೀನೇ ಕೆಟ್ಟಿತ್ತು. ಬೀಡಿ ಸಿಗರೇಟು ಮುಟ್ಟದ ಏಷ್ಯಾದ ಹೆಂಗಸರಲ್ಲಿ ಇದು ಜಾಸ್ತಿ. ಹಾಗಾಗಿ ‘ಸೇದಿದವರಿಗೆ ಮಾತ್ರ ಶ್ವಾಸಕೋಶದ ಕ್ಯಾನ್ಸರ್’ ಎಂದು ಕೆಮ್ಮನ್ನು ತಿಂಗಳುಗಟ್ಟಲೆ ಕಡೆಗಣಿಸಬಾರದು.

ಔಷಧಿಗೂ ಗಡ್ಡೆ ದಾರಿ ಹುಡುಕುತ್ತದೆ. ಜೆಫಿಟಿನಿಬ್ ತೆಗೆದುಕೊಂಡವರಲ್ಲಿ ವರ್ಷದ ಆಸುಪಾಸಿನಲ್ಲಿ ಗಡ್ಡೆ ಮತ್ತೆ ಬೆಳೆಯುವುದು ಸಾಮಾನ್ಯ. ಎಷ್ಟೋ ಸಲ ಅದೇ ರಿಸೆಪ್ಟರ್‌ನ 790ನೇ ಜಾಗದಲ್ಲಿ ಇನ್ನೊಂದು ಬದಲಾವಣೆ ಆಗಿರುತ್ತದೆ. ಅದಕ್ಕೆ ಆಸಿಮೆರ್ಟಿನಿಬ್ ಎಂಬ ಮಾತ್ರೆ 2015ರಲ್ಲಿ ಬಂತು. ರಾಸ್‌ಗೆ ಮಾತ್ರ ತುಂಬಾ ಕಾಲ ಯಾವ ಔಷಧಿಯೂ ಹಿಡಿತಕ್ಕೆ ಸಿಗಲಿಲ್ಲ. ಅದರ ಮೈ ಅಷ್ಟು ನುಣುಪು, ಅಣು ಹೋಗಿ ಕೂರಲು ಸಂದು ಇಲ್ಲ. 12ನೇ ಜಾಗದ ಒಂದು ಬಗೆಯ ತಪ್ಪಿಗೆ ಮೊದಲ ಔಷಧಿ ಸೊಟೊರಾಸಿಬ್ ಬಂದಿದ್ದು 2021ರಲ್ಲಿ. 1982ರಿಂದ ಲೆಕ್ಕ ಹಾಕಿದರೆ 39 ವರ್ಷ. ಅಷ್ಟು ವರ್ಷ ಬಿಡದೆ ಹಿಡಿದವರ ಬಗ್ಗೆ ನನಗೆ ತುಂಬಾ ಗೌರವ.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಅಷ್ಟು ಹೊತ್ತಿಗೆ ಅವರಿಗೇ ಅರ್ಧ ಸಿಕ್ಕಿತ್ತು. ಆದರೂ ಬಾಯಿಬಿಟ್ಟು ಹೇಳಿದೆ. ಹರ್-2 ಪ್ರತಿಗಳು ಹೆಚ್ಚಾಗಿದ್ದು ನಿಮ್ಮ ಸ್ತನದ ಒಂದು ಕೋಶದಲ್ಲಿ, ನಕಲು ಮಾಡುವಾಗ ಆದ ತಪ್ಪಿನಿಂದ. ತಿಂದ ಯಾವುದೋ ಒಂದು ಪದಾರ್ಥದಿಂದ ಅಲ್ಲ. ನೀವು ಯಾರಿಗೋ ಮಾಡಿದ ಅನ್ಯಾಯದ ಫಲವೂ ಅಲ್ಲ. ಆ ತಪ್ಪು ಗಡ್ಡೆಯಲ್ಲಿ ಮಾತ್ರ ಇದೆ, ಮಗಳಿಗೆ ದಾಟುವುದಿಲ್ಲ. ವಂಶದಲ್ಲಿ ಬರುವ ಸ್ತನ ಕ್ಯಾನ್ಸರ್ ಜೀನ್‌ಗಳು ಬೇರೆ ಇವೆ, ಅದನ್ನು ಬೇರೆ ಪರೀಕ್ಷೆಯಲ್ಲಿ ನೋಡುತ್ತಾರೆ. ಪಕ್ಕದ ಮನೆಯವರು ‘ತಟ್ಟೆ ಲೋಟ ಬೇರೆ ಇಡಬೇಕಾ’ ಎಂದು ಕೇಳಿದ್ದರಂತೆ. ಬೇಡವೇ ಬೇಡ. ಇದು ಅಂಟುವುದಿಲ್ಲ. ಆ ಮಾತಿಗೆ ಚಿಕ್ಕಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಇನ್ನೊಂದು ಸಂಶಯ ಉಳಿದಿತ್ತು. “ಕಾಯಿಲೆ ಎದೆಹಾಲಿನ ಜಾಗದ್ದು. ಮತ್ತೆ ಮೂರು ಮೂರು ತಿಂಗಳಿಗೆ ಹೃದಯದ ಎಕೋ ಯಾಕೆ?” ಒಳ್ಳೆಯ ಪ್ರಶ್ನೆ. ಹೃದಯದ ಸ್ನಾಯುವಿನ ಕೋಶಗಳೂ ಗಟ್ಟಿಯಾಗಿ ಉಳಿಯಲು ಹರ್-2 ಮೂಲಕ ಬರುವ ಕರೆಯನ್ನೇ ನಂಬಿಕೊಂಡಿವೆ. ಇಂಜೆಕ್ಷನ್‌ಗೆ ಗಡ್ಡೆಯ ಹರ್-2 ಯಾವುದು, ಹೃದಯದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಕೆಲವರಲ್ಲಿ ಹೃದಯದ ಪಂಪ್ ಸ್ವಲ್ಪ ದುರ್ಬಲ ಆಗುತ್ತದೆ. ಎಕೋದಲ್ಲಿ ಬೇಗ ಗೊತ್ತಾದರೆ ಇಂಜೆಕ್ಷನ್ ನಿಲ್ಲಿಸಿ ಕಾಯುತ್ತಾರೆ, ಹೆಚ್ಚಿನವರಲ್ಲಿ ಹೃದಯ ಸುಧಾರಿಸುತ್ತದೆ. ಇಜಿಎಫ್ ರಿಸೆಪ್ಟರ್ ತಡೆಯುವ ಮಾತ್ರೆ ತೆಗೆದುಕೊಳ್ಳುವವರಿಗೆ ಮುಖ, ಎದೆಯ ಮೇಲೆ ಗುಳ್ಳೆ ಏಳುವುದು, ಭೇದಿ ಆಗುವುದು ಕೂಡ ಇದೇ ಕಾರಣಕ್ಕೆ. ಚರ್ಮಕ್ಕೂ ಕರುಳಿಗೂ ದಿನಾ ಹೊಸ ಕೋಶ ಬೇಕು, ಅವಕ್ಕೂ ಆ ಕರೆ ಬೇಕು. ಗುಳ್ಳೆ ಬಂತು ಎಂದು ಯಾರನ್ನೂ ಕೇಳದೆ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಬಿಡುವ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡಬೇಕು. ಗುಳ್ಳೆಗೆ ಔಷಧಿ ಇದೆ, ಪ್ರಮಾಣ ಕಡಿಮೆ ಮಾಡುವ ದಾರಿಯೂ ಇದೆ.

ಚಿಕ್ಕಮ್ಮನ ಮುಂದಿನ ಎಕೋ ಫೆಬ್ರವರಿ ಕೊನೆಯ ವಾರ. ಹೂಮಳೆ ಕಾಯುವ ಹೊತ್ತು. ಮಳೆ ಕೈಕೊಟ್ಟರೆ ಆ ವಾರವೇ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಪೈಪ್ ಜೋಡಿಸಲು ಪಕ್ಕದ ತೋಟದ ಹುಡುಗನಿಗೆ ಚಿಕ್ಕಪ್ಪ ಈಗಲೇ ಹೇಳಿಟ್ಟಿದ್ದಾರೆ. ಅವರು ಚಿಕ್ಕಮ್ಮನ ಜೊತೆ ಬೆಂಗಳೂರಿಗೆ ಹೋಗುತ್ತಾರೆ.